ಹಳೇ ಮೀನು ಬೋಟಿನ ಸೀಟು ಎತ್ತರಿಸುವುದು: ಮೊದಲು ಕಣ್ಣಿನ ಲೆಕ್ಕ, ಆಮೇಲೆ ಮರಗೆಲಸ

ಜೂನ್ ತಿಂಗಳ ಒಂದು ಬೆಳಿಗ್ಗೆ. ಅಮೆರಿಕದ ಮಿನ್ನೆಸೋಟದಲ್ಲಿರುವ ಮಿನ್ನೆಟೊಂಕ ಸರೋವರ. ಥ್ರಾಟಲ್ ಒತ್ತಿದೆ, ಬೋಟಿನ ಮೂತಿ ಎದ್ದಿತು, ಎದುರಿಗೆ ಬರೀ ಆಕಾಶ. ಮೂತಿ ಇಳಿಯುವಷ್ಟರಲ್ಲಿ ಎಡಗಡೆ ಕಿತ್ತಳೆ ಬಣ್ಣದ ಹುಟ್ಟೊಂದು ಮೇಲೆದ್ದು ಕೆಳಗಿಳಿಯಿತು. ಕಯಾಕ್! ಇಪ್ಪತ್ತು ಮೀಟರೂ ದೂರ ಇರಲಿಲ್ಲ. ಅದರಲ್ಲಿದ್ದಾಕೆ ನನ್ನನ್ನು ಆಗಲೇ ನೋಡಿ ಪಕ್ಕಕ್ಕೆ ಸರಿದಿದ್ದಳು. ಅವಳು ಕಾಣಲೇ ಇಲ್ಲವಲ್ಲ ಎಂದು ಮನೆಗೆ ಬರುವವರೆಗೂ ಕೈ ನಡುಗುತ್ತಿತ್ತು.

ನನ್ನದು 17 ಅಡಿಯ ಅಲ್ಯೂಮಿನಿಯಂ ಬೋಟು, ತೊಂಬತ್ತರ ದಶಕದ್ದು, ಸೆಕೆಂಡ್ ಹ್ಯಾಂಡ್. ಬಲಗಡೆ ಸ್ಟೀರಿಂಗ್, ಅದರ ಮುಂದೊಂದು ಪುಟ್ಟ ಗಾಜು, ಹಿಂದೆ ಔಟ್‌ಬೋರ್ಡ್ ಎಂಜಿನ್. ಇಲ್ಲಿ ಇಂಥ ಬೋಟುಗಳು ಮನೆಗೊಂದು ಎನ್ನುವಷ್ಟಿವೆ. ಇವನ್ನು ಮಾಡಿದವರ ಕಣ್ಮುಂದೆ ನಾರ್ವೆ, ಸ್ವೀಡನ್ ಮೂಲದ ಆರಡಿ ಆಳುಗಳೇ ಇದ್ದರೇನೋ. ಐದಡಿ ಐದಿಂಚಿನ ನಾನು ಕೂತರೆ, ಬಸ್ಸಿನ ಕಿಟಕಿಗೆ ಗಲ್ಲ ಊರಿದ ಮಗುವಿನ ಹಾಗೆ ಕಾಣುತ್ತೇನೆ. ಮಲ್ಪೆಯಲ್ಲಿ ನಾಡದೋಣಿಯ ಹಿಂಬದಿಯಲ್ಲಿ ನಿಂತುಕೊಂಡೇ ಎಂಜಿನ್ ಹಿಡಿಯುವವರನ್ನು ನೋಡಿ ಬೆಳೆದವನು ನಾನು. ಅವರು ಯಾಕೆ ಕೂರುವುದಿಲ್ಲ ಅಂತ ಆ ದಿನ ಅರ್ಥವಾಯಿತು.

ಸೀಟು ಎತ್ತರಿಸುವ ಕೆಲಸ ಒಂದು ವಾರಾಂತ್ಯದ್ದು. ನಾನು ಅದನ್ನು ಎರಡು ಸಲ ಮಾಡಬೇಕಾಯಿತು. ಮೊದಲ ಸಲ ಅಂದಾಜಿಗೆ ಮೂರು ಇಂಚು ಎತ್ತರಿಸಿದೆ. ಗಾಜಿನ ಮೇಲಂಚಿನ ಅಲ್ಯೂಮಿನಿಯಂ ಪಟ್ಟಿ ಸರಿಯಾಗಿ ಕಣ್ಣಿನ ನೇರಕ್ಕೆ ಬಂತು. ಮುಂಚೆ ಮಸುಕು ಗಾಜಿನ ಮೂಲಕವಾದರೂ ಏನೋ ಕಾಣುತ್ತಿತ್ತು. ಈಗ ಅದೂ ಹೋಯಿತು. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ತಪ್ಪು ಸೀಟಿನದೇನಾ?

ಗರಗಸ ಹಿಡಿಯುವ ಮೊದಲು ಬೋಟನ್ನೊಮ್ಮೆ ನೋಡಿ. ಮೂತಿ ಜಾಸ್ತಿ ಏಳುತ್ತಿದ್ದರೆ ಸಾಮಾನ್ಯವಾಗಿ ಹಿಂಬದಿಯಲ್ಲಿ ಭಾರ ಹೆಚ್ಚಾಗಿರುತ್ತದೆ. ಎಂಜಿನ್, ಪೆಟ್ರೋಲ್ ಟ್ಯಾಂಕು, ಎರಡು ಬ್ಯಾಟರಿ, ಐಸ್ ಪೆಟ್ಟಿಗೆ ಎಲ್ಲವನ್ನೂ ಹಿಂದೆಯೇ ಪೇರಿಸಿದರೆ ಮೂತಿ ಏಳದೆ ಇನ್ನೇನು ಮಾಡುತ್ತದೆ? ಮೀನು ಹಿಡಿಯುವಾಗ ಮೆಲ್ಲಗೆ ಸಾಗಲು ಬಳಸುವ ಪುಟ್ಟ ವಿದ್ಯುತ್ ಮೋಟರಿನ, ಅಂದರೆ ಟ್ರೋಲಿಂಗ್ ಮೋಟರಿನ, ಬ್ಯಾಟರಿ ಒಂದೊಂದೂ ಸುಮಾರು 25 ಕೆಜಿ ತೂಗುತ್ತದೆ. ಅದನ್ನು ಮುಂದಕ್ಕೆ ತಂದರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಎರಡನೆಯದು ಟ್ರಿಮ್, ಅಂದರೆ ಎಂಜಿನ್ನನ್ನು ಒಳಕ್ಕೆ ಹೊರಕ್ಕೆ ಓರೆ ಮಾಡುವುದು. ಹೊರಡುವಾಗ ಎಂಜಿನ್ನಿನ ಕಾಲು (ನೀರಿನೊಳಗಿರುವ ಕೆಳಭಾಗ) ಪೂರ್ತಿ ಒಳಕ್ಕೆ, ಅಂದರೆ ಬೋಟಿನ ಕಡೆಗೆ ಇರಬೇಕು. ಬೋಟು ನೀರಿನ ಮೇಲೆ ಹತ್ತಿ ಪ್ಲೇನ್ ಆದ ಮೇಲೆ ಸ್ವಲ್ಪ ಹೊರಕ್ಕೆ ಬಿಡಿ. ಹಿಂದಿನ ಸವಾರಿಯಲ್ಲಿ ಹೊರಗೆ ಬಿಟ್ಟಿದ್ದನ್ನು ಮರೆತು ಹಾಗೇ ಗ್ಯಾಸ್ ಕೊಟ್ಟರೆ ಮೂತಿ ಆಕಾಶಕ್ಕೇ ಹೋಗುತ್ತದೆ. ನಾನು ಎಷ್ಟೋ ಸಲ ಹಾಗೆ ಮಾಡಿದ್ದೇನೆ.

ಮೂರನೆಯದು ಸೀಟಿನ ಸ್ಪಂಜು. ಮೂವತ್ತು ವರ್ಷ ಜನ ಕೂತು ಕೂತು ಅದು ಚಪಾತಿಯಾಗಿರುತ್ತದೆ. ನಾನು ಸೀಟಿನ ಬಟ್ಟೆ ಬಿಚ್ಚಿ ನೋಡಿದಾಗ ನಾಲ್ಕು ಇಂಚಿನ ಸ್ಪಂಜು ಎರಡೂವರೆ ಇಂಚಿಗೆ ಇಳಿದಿತ್ತು. ಹಿಂಡಿದರೆ ಕಂದು ನೀರು ಸುರಿಯಿತು. ಗಟ್ಟಿ ಸ್ಪಂಜು ಹಾಕಿ, ಬಟ್ಟೆಯನ್ನು ಸ್ಟೇನ್‌ಲೆಸ್ ಸ್ಟೇಪಲ್‌ನಲ್ಲಿ ಮತ್ತೆ ಬಿಗಿದದ್ದಕ್ಕೇ ಒಂದೂವರೆ ಇಂಚು ವಾಪಸ್ ಸಿಕ್ಕಿತು. ಇಷ್ಟೇ ಸಾಕೆನಿಸಿದರೆ ಕೆಲಸ ಇಲ್ಲಿಗೇ ಮುಗಿಯಿತು.

ಎಷ್ಟು ದೂರ ಕುರುಡು? ಲೆಕ್ಕ ಹಾಕಿ

ನೀರಿನ ಮಟ್ಟದಿಂದ ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿದೆ, ಮೂತಿ ಎಷ್ಟು ಎತ್ತರದಲ್ಲಿದೆ, ಕಣ್ಣಿನಿಂದ ಮೂತಿಗೆ ಎಷ್ಟು ದೂರ ಎಂಬ ಮೂರು ಅಳತೆ ಸಾಕು. ಮೂತಿಯ ಎತ್ತರವನ್ನು ಆ ದೂರದಿಂದ ಗುಣಿಸಿ. ಕಣ್ಣಿನ ಎತ್ತರದಲ್ಲಿ ಮೂತಿಯ ಎತ್ತರ ಕಳೆದು ಬಂದದ್ದರಿಂದ ಭಾಗಿಸಿ. ಮೂತಿಯ ಮುಂದೆ ಎಷ್ಟು ದೂರದವರೆಗೆ ನೀರು ಕಾಣುವುದಿಲ್ಲ ಎಂಬುದು ಸಿಗುತ್ತದೆ.

ನನ್ನ ಬೋಟಿನದೇ ಲೆಕ್ಕ ಹೇಳುತ್ತೇನೆ. ಕಣ್ಣು 1.20 ಮೀಟರ್ ಎತ್ತರದಲ್ಲಿ, ಮೂತಿ 3 ಮೀಟರ್ ಮುಂದೆ. ಬೋಟು ಪ್ಲೇನ್ ಆಗಿ ಓಡುವಾಗ ಮೂತಿ ಸುಮಾರು 0.95 ಮೀಟರ್ ಎತ್ತರದಲ್ಲಿರುತ್ತದೆ. ಆಗ ಎದುರಿಗೆ 11 ಮೀಟರ್ ಚಿಲ್ಲರೆ ಕಾಣುವುದಿಲ್ಲ. ಗಂಟೆಗೆ 40 ಕಿಮೀ ವೇಗದಲ್ಲಿ ಅದು ಒಂದು ಸೆಕೆಂಡಿನ ದಾರಿ. ಪರವಾಗಿಲ್ಲ ಅನ್ನಬಹುದು. ಆದರೆ ಹೊರಡುವಾಗ ಮೂತಿ ಎದ್ದು 1.12 ಮೀಟರಿಗೆ ಬಂದಾಗ ನೋಡಿ: ಕಾಣದ ದೂರ ಒಮ್ಮೆಲೇ 42 ಮೀಟರ್! ಆ ಹೊತ್ತಿನಲ್ಲಿ ಬೋಟು ಸೆಕೆಂಡಿಗೆ ಐದು ಮೀಟರ್ ಹೋಗುತ್ತಿದ್ದರೂ ಎಂಟು ಸೆಕೆಂಡಿನ ನೀರು ಕಣ್ಣಿಗೆ ಮರೆ. ಆ ಕಯಾಕ್ ಇದ್ದದ್ದು ಅಲ್ಲೇ.

ಈಗ ಕಣ್ಣನ್ನು ನಾಲ್ಕೂವರೆ ಇಂಚು, ಅಂದರೆ ಸುಮಾರು 11.5 ಸೆಂಟಿಮೀಟರ್ ಎತ್ತಿ. ಓಡುವಾಗ 11 ಮೀಟರ್ ಇದ್ದದ್ದು 8ಕ್ಕಿಂತ ಕಡಿಮೆಯಾಗುತ್ತದೆ. ಹೊರಡುವಾಗ 42 ಇದ್ದದ್ದು 17ಕ್ಕೆ ಇಳಿಯುತ್ತದೆ. ಅಂಗೈ ಅಗಲದಷ್ಟು ಎತ್ತಿದ್ದಕ್ಕೆ ಇಷ್ಟು ಲಾಭ.

ಎತ್ತಿದರೆ ನಷ್ಟ ಏನು?

ನೀವು ಮೇಲೆ ಹೋದಷ್ಟೂ ಬೋಟಿನ ಒಟ್ಟು ಭಾರದ ನಡುಬಿಂದುವೂ ಮೇಲೆ ಹೋಗುತ್ತದೆ, ಬೋಟು ಓಲಾಡುವುದು ಜಾಸ್ತಿಯಾಗುತ್ತದೆ. ಈ ಲೆಕ್ಕವೂ ಸುಲಭ. ನನ್ನ ಬೋಟು, ಎಂಜಿನ್, ಜನ, ಸಾಮಾನು ಎಲ್ಲ ಸೇರಿ ಸುಮಾರು 750 ಕೆಜಿ. 75 ಕೆಜಿಯ ಒಬ್ಬರನ್ನು 11.5 ಸೆಂಮೀ ಎತ್ತಿದರೆ ನಡುಬಿಂದು ಒಂದು ಸೆಂಟಿಮೀಟರ್ ಚಿಲ್ಲರೆ ಏರುತ್ತದೆ. ಅಷ್ಟನ್ನು ಈ ಬೋಟು ತಡೆದುಕೊಳ್ಳುತ್ತದೆ. ಅದೇ 14 ಅಡಿಯ ಹಗುರ ಬೋಟಿನಲ್ಲಿ ಒಟ್ಟು ಭಾರ 300 ಕೆಜಿ ಅಂದುಕೊಳ್ಳಿ. ಇಬ್ಬರ ಸೀಟೂ ಎತ್ತರಿಸಿದರೆ ಹೆಚ್ಚು ಕಡಿಮೆ ಆರು ಸೆಂಟಿಮೀಟರ್ ಏರುತ್ತದೆ. ಅಲೆ ಪಕ್ಕದಿಂದ ಬಡಿದಾಗ ಆ ಆರು ಸೆಂಟಿಮೀಟರಿನ ಬೆಲೆ ಗೊತ್ತಾಗುತ್ತದೆ.

ಅದಕ್ಕೇ ನನ್ನ ಮಾತು: ಓಡಿಸುವವರ ಸೀಟು ಮಾತ್ರ ಎತ್ತರಿಸಿ. ಪಕ್ಕದಲ್ಲಿ ಕೂರುವವರು ಮೀನು ಹಿಡಿಯಲಿ, ದಾರಿ ನೋಡುವ ಕೆಲಸ ಅವರದ್ದಲ್ಲ. ನೋಡಲು ಎರಡೂ ಸೀಟು ಒಂದೇ ಎತ್ತರ ಇದ್ದರೆ ಚೆಂದ ಅಂತ ಮನೆಯಲ್ಲಿ ಒತ್ತಾಯ ಬಂದೀತು. ಒಪ್ಪಬೇಡಿ.

ಇನ್ನೊಂದು ಮಾತು, ಇದು ತೀರಾ ಹಳೇ ಅಲ್ಯೂಮಿನಿಯಂ ಬೋಟು ಇರುವವರಿಗೆ. ಅವುಗಳಲ್ಲಿ ಈ ಕಡೆಯಿಂದ ಆ ಕಡೆಯವರೆಗೆ ಅಡ್ಡ ಬೆಂಚು ಇರುತ್ತದಲ್ವಾ? ಅದರ ಹೊಟ್ಟೆಯಲ್ಲಿರುವ ಬಿಳಿ ಫೋಮ್ ಸುಮ್ನೆ ತುಂಬಿಸಿದ್ದಲ್ಲ. ಬೋಟಿಗೆ ನೀರು ನುಗ್ಗಿದರೂ ಮುಳುಗದಂತೆ ತೇಲಿಸುವುದು ಅದೇ. ಬೋಟಿನ ಎರಡು ಪಕ್ಕೆಗಳನ್ನು ಹಿಡಿದಿರುವುದೂ ಆ ಬೆಂಚೇ. ಕಂಬದ ಸೀಟು ಕೂರಿಸುತ್ತೇನೆಂದು ಅದನ್ನು ಕತ್ತರಿಸಿ ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬೆಂಚಿನ ಮೇಲೆಯೇ ಪೀಠ ಕೂರಿಸಿ.

ಮನೆ ಅಂಗಳದಲ್ಲೇ ಪರೀಕ್ಷೆ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಒಂದು ಗಂಟೆ ಕೊಡಿ.

ಬೋಟು ಟ್ರೇಲರಿನ ಮೇಲೆ ಇರಲಿ. ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಿ. ಟ್ರೇಲರಿನ ಹಿಂತುದಿಯ ಚೌಕಟ್ಟಿಗೆ ಕೆಳಗಿನಿಂದ ಗಟ್ಟಿ ಆಧಾರ ಕೊಡಿ, ಇದನ್ನು ಬಿಡಬೇಡಿ. ಕಾರಿನಿಂದ ಬಿಚ್ಚಿದ ಟ್ರೇಲರಿನಲ್ಲಿ ನೀವು ಬೋಟಿನ ಹಿಂಬದಿಗೆ ನಡೆದರೆ ಇಡೀ ಗಾಡಿ ಏತದಂತೆ ಹಿಂದಕ್ಕೆ ಮಗುಚಬಹುದು. ಬೋಟನ್ನು ಟ್ರೇಲರಿಗೆ ಬಿಗಿದಿರುವ ಪಟ್ಟಿಗಳನ್ನೂ ಬಿಚ್ಚಬೇಡಿ.

ಈಗ ಮುಂದಿನ ಜ್ಯಾಕ್ ತಿರುಗಿಸಿ ಟ್ರೇಲರಿನ ಮೂತಿ ಎತ್ತಿ. 17 ಅಡಿ ಬೋಟಿನ ಟ್ರೇಲರಿಗೆ ಸುಮಾರು ಒಂದು ಅಡಿ ಎತ್ತಿದರೆ ನಾಲ್ಕು ಡಿಗ್ರಿಯ ಓರೆ ಸಿಗುತ್ತದೆ. ನೀರಿನ ಮೇಲೆ ಹೊರಡುವಾಗ ಹೇಗಿರುತ್ತದೋ ಹೆಚ್ಚು ಕಡಿಮೆ ಹಾಗೇ ಅನಿಸುತ್ತದೆ.

ಸ್ಟೀರಿಂಗ್ ಹಿಡಿದು ಕೂತುಕೊಳ್ಳಿ. ಮನೆಯವರಿಗೆ ಒಂದು ಕೆಂಪು ಬಕೆಟ್ ಕೊಟ್ಟು ಮೂತಿಯ ಮುಂದೆ ನಿಲ್ಲಿಸಿ. ಬೋಟಿನ ಹಿಂಬದಿಯಲ್ಲಿ ನೀರಿನ ಗೆರೆ ಇರುತ್ತದೆ, ಪಾಚಿಯ ಕಲೆ ನೋಡಿದರೆ ಗೊತ್ತಾಗುತ್ತದೆ. ಬಕೆಟ್ಟನ್ನು ಆ ಗೆರೆಯಷ್ಟೇ ಎತ್ತರದಲ್ಲಿ ಹಿಡಿದು ಅವರು ಹಿಂದೆ ಹಿಂದೆ ನಡೆಯುತ್ತಾ ಹೋಗಲಿ. ಬಕೆಟ್ ಕಂಡ ಕೂಡಲೇ ಕೂಗಿ, ಅಲ್ಲೊಂದು ಕಲ್ಲು ಇಡಿ. ನನ್ನ ಹೆಂಡತಿ ಬಕೆಟ್ ಹಿಡಿದು ಹೋಗ್ತಾ ಹೋಗ್ತಾ ಎದುರು ಮನೆಯವರ ಹುಲ್ಲುಹಾಸು ದಾಟಿದಳು. ಏನಾಗುತ್ತಿದೆ ಅಂತ ಅವರು ಬಾಗಿಲಿಗೆ ಬಂದು ನಿಂತರು.

ಆಮೇಲೆ ಸೀಟಿನ ಮೇಲೆ ಮುಕ್ಕಾಲು ಇಂಚಿನ ಹಲಗೆ ತುಂಡು ಒಂದೊಂದೇ ಪೇರಿಸಿ ಕೂತು ನೋಡಿ. ಪ್ರತಿ ಹಲಗೆಗೂ ಮೂರು ಪ್ರಶ್ನೆ. ಬಕೆಟ್ ಎಲ್ಲಿ ಕಾಣುತ್ತದೆ? ಗಾಜಿನ ಅಂಚು ಕಣ್ಣಿಗೆ ಅಡ್ಡ ಬರುತ್ತಾ? ತೊಡೆಗೂ ಸ್ಟೀರಿಂಗಿಗೂ ನಡುವೆ ಒಂದು ಮುಷ್ಟಿ ಜಾಗ ಇದೆಯಾ? ಗಾಜಿನ ವಿಷಯದಲ್ಲಿ ನಡುವಿನ ದಾರಿ ಇಲ್ಲ. ಕಣ್ಣು ಅಂಚಿಗಿಂತ ಚೆನ್ನಾಗಿ ಕೆಳಗಿರಬೇಕು ಇಲ್ಲವೇ ಒಂದೂವರೆ ಇಂಚಾದರೂ ಮೇಲಿರಬೇಕು. ಹಳೇ ಅಕ್ರಿಲಿಕ್ ಗಾಜು ಬಿರುಕು ಬಿಟ್ಟು ಮಂಜಾಗಿದ್ದರೆ ಮೇಲಿಂದ ನೋಡುವುದೇ ಸರಿ. ಗಾಳಿ ಮುಖಕ್ಕೆ ಹೊಡೆಯುತ್ತದೆ, ಕನ್ನಡಕ ಹಾಕಿಕೊಳ್ಳಿ.

ನನಗೆ ಬಂದ ಉತ್ತರ ನಾಲ್ಕೂವರೆ ಇಂಚು. ಒಂದೂವರೆ ಸ್ಪಂಜಿನಿಂದ, ಉಳಿದ ಮೂರು ಪೀಠದಿಂದ. ಹೆಂಡತಿಯೂ ಓಡಿಸುತ್ತಾಳೆ, ಅವಳು ನನಗಿಂತ ಮೂರಿಂಚು ಗಿಡ್ಡ. ಅವಳಿಗೆ ಬೇರೆ ದಿಂಬು ಇಟ್ಟಿದ್ದೇವೆ, ಜಾರದಂತೆ ಅದಕ್ಕೆ ಪಟ್ಟಿ ಇದೆ.

ಕಂಬವೋ ಪೀಠವೋ

ನಿಮ್ಮ ಸೀಟು ಕಂಬದ ಮೇಲಿದ್ದರೆ ಉದ್ದದ ಕಂಬ ತರುವುದು ಸುಲಭ. ಆದರೆ ಹಳೇ ಬುಡಕ್ಕೆ ಹೊಸ ಕಂಬ ಕೂರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಕಂಬದ ಅಡ್ಡಳತೆ ಎರಡೂಮುಕ್ಕಾಲು ಇಂಚಿಗೆ ಸ್ವಲ್ಪ ಮೇಲೆ ಇರುವುದೂ ಇದೆ, ಎರಡೂಕಾಲಿಗೆ ಸ್ವಲ್ಪ ಮೇಲಿನದೂ ಇದೆ. ಕ್ಯಾಲಿಪರ್ ಹಿಡಿದು ಅಳೆದೇ ಅಂಗಡಿಗೆ ಹೋಗಿ. ಬುಡ, ಕಂಬ, ಸೀಟಿನ ತಿರುಗಣಿ ಮೂರನ್ನೂ ಒಂದೇ ಕಂಪನಿಯದು ಕೊಳ್ಳುವುದು ಒಳ್ಳೆಯದು.

ಮುಕ್ಕಾಲು ಇಂಚಿನ ಸಣ್ಣ ಪಿನ್ನಿನ ಮೇಲೆ ಕೂರುವ ಮೀನುಗಾರಿಕೆ ಸೀಟುಗಳಿವೆ. ಅವು ಬೋಟು ನಿಂತಾಗ ಅಥವಾ ತೆವಳುವಾಗ ಕೂರಲು ಮಾತ್ರ. ಗಂಟೆಗೆ 5 ಮೈಲಿಗಿಂತ ಜೋರಾಗಿ ಹೋಗುವಾಗ ಕೂರಬೇಡಿ ಅಂತ ಅವುಗಳ ಮೇಲೆಯೇ ಬರೆದಿರುತ್ತದೆ. ಬೋಟು ತಯಾರಿಕೆಯ ಮಾನದಂಡ ಬರೆಯುವ ಎಬಿವೈಸಿ ಸಂಸ್ಥೆಯೂ ಓಡಿಸುವವರ ಸೀಟನ್ನೂ ಇಂಥ ಸೀಟನ್ನೂ ಬೇರೆ ಬೇರೆ ದರ್ಜೆ ಮಾಡಿದೆ. ಎತ್ತರ ಸಿಗುತ್ತದೆ ಅಂತ ಇದನ್ನು ಸ್ಟೀರಿಂಗಿನ ಹಿಂದೆ ಹಾಕಬೇಡಿ.

ನನ್ನ ಸೀಟು ಅಲ್ಯೂಮಿನಿಯಂ ಪೆಟ್ಟಿಗೆಯ ಮೇಲಿದೆ, ಒಳಗೆ ಲೈಫ್ ಜಾಕೆಟ್ ಇಡುವ ಜಾಗ. ಹಾಗಾಗಿ ಪೆಟ್ಟಿಗೆಗೂ ಸೀಟಿನ ತಿರುಗಣಿಗೂ ನಡುವೆ ಪೀಠ ಹಾಕಿದೆ.

ಪೀಠ ಮಾಡುವ ಬಗೆ

ಮೊದಲ ಸಲ ನಾನು ಮನೆಯ ಡೆಕ್ ಕಟ್ಟಿ ಉಳಿದಿದ್ದ ಪ್ರೆಷರ್ ಟ್ರೀಟೆಡ್ ಮರ ಬಳಸಿದ್ದೆ. ಕೊಳೆಯುವುದಿಲ್ಲ ಅಲ್ವಾ ಅಂತ. ಮರ ಕೊಳೆಯಲಿಲ್ಲ, ಪೆಟ್ಟಿಗೆ ಹಾಳಾಯಿತು. ಬಿಚ್ಚಿದಾಗ ಅಲ್ಯೂಮಿನಿಯಂ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ, ಕೆರೆದರೆ ಸಣ್ಣ ಸಣ್ಣ ಗುಳಿ. ಆ ಮರಕ್ಕೆ ಉಣಿಸುವ ಔಷಧದಲ್ಲಿ ತಾಮ್ರ ಇರುತ್ತದೆ. ತಾಮ್ರ, ಅಲ್ಯೂಮಿನಿಯಂ, ನೀರು ಮೂರೂ ಸೇರಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ.

ಎರಡನೇ ಸಲ ಮರೈನ್ ಪ್ಲೈವುಡ್ ತಂದೆ. ಮುಕ್ಕಾಲು ಇಂಚಿನ ನಾಲ್ಕು ಪದರ ಸೇರಿದರೆ ಮೂರು ಇಂಚು. ಪೀಠ ತಿರುಗಣಿಯ ತಟ್ಟೆಗಿಂತ ಅಗಲವಾಗಿರಲಿ. ತಟ್ಟೆ ಸುಮಾರು ಏಳು ಇಂಚು ಚೌಕ, ನಾನು ಪೀಠವನ್ನು 14 ಇಂಚು ಚೌಕ ಮಾಡಿದೆ. ಸೀಟು ಎತ್ತರವಾದಷ್ಟೂ ತಿರುವಿನಲ್ಲಿ ಬುಡದ ಮೇಲೆ ಎಳೆತ ಜಾಸ್ತಿ, ಆ ಎಳೆತ ಅಗಲಕ್ಕೆ ಹರಡಬೇಕು. ಮರವೇ ಬೇಡ ಅನ್ನುವವರಿಗೆ ಬೋಟಿಗೆಂದೇ ಸಿಗುವ ದಪ್ಪ ಪಾಲಿಥೀನ್ ಹಲಗೆಗಳಿವೆ. ಕೊಳೆಯುವ ಮಾತೇ ಇಲ್ಲ, ಆದರೆ ಅಂಟು ಹಿಡಿಯುವುದಿಲ್ಲ, ಬೋಲ್ಟನ್ನೇ ನಂಬಬೇಕು.

ಪದರಗಳನ್ನು ಎಪಾಕ್ಸಿಯಲ್ಲಿ ಅಂಟಿಸಿ ಒಂದು ರಾತ್ರಿ ಕ್ಲ್ಯಾಂಪ್ ಹಾಕಿಡಿ. ಅಂಚು ಉಜ್ಜಿ ದುಂಡಗೆ ಮಾಡಿ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ ಮತ್ತು ತೂತಿನಿಂದ. ಅದಕ್ಕೇ ತೂತಿಗೊಂದು ಉಪಾಯ: ಬೋಲ್ಟಿಗೆ ಬೇಕಾದದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಗಟ್ಟಿ ಎಪಾಕ್ಸಿಯಿಂದ ತುಂಬಿಸಿ. ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆಯಿರಿ. ಬೋಲ್ಟಿನ ಸುತ್ತ ಎಪಾಕ್ಸಿಯ ಕೊಳವೆ ಉಳಿಯುತ್ತದೆ, ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಆಮೇಲೆ ಎಲ್ಲ ಕಡೆ ಮೂರು ಕೋಟ್ ಎಪಾಕ್ಸಿ, ಮೇಲೆ ಬಣ್ಣ. ಬಿಸಿಲಿಗೆ ಬರೀ ಎಪಾಕ್ಸಿ ತಡೆಯುವುದಿಲ್ಲ. ಇಲ್ಲಿ ಮೀನಿನ ಸೀಸನ್ ಮೇ ನಡುವಿಗೆ ಶುರು. ಏಪ್ರಿಲ್ ಚಳಿಯಲ್ಲಿ ಎಪಾಕ್ಸಿ ಒಣಗಲು ಸತಾಯಿಸುತ್ತದೆ, ಆ ಕೆಲಸವನ್ನು ಮನೆಯೊಳಗೆ ಹೀಟರ್ ಪಕ್ಕ ಮಾಡಿದೆ. ವಾಸನೆಗೆ ಬೈಸಿಕೊಂಡದ್ದು ಬೇರೆ ವಿಷಯ.

ಕೊರೆಯುವುದು, ಬಿಗಿಯುವುದು

ಬ್ಯಾಟರಿಯ ತಂತಿ ಕಳಚಿ. ಪೆಟ್ರೋಲ್ ವಾಸನೆ ಇದ್ದರೆ ಮೊದಲು ಎಲ್ಲ ಮುಚ್ಚಳ ತೆರೆದು ಗಾಳಿಯಾಡಲು ಬಿಡಿ.

ನೆಲಕ್ಕೇ ಸೀಟು ಕೂರಿಸುವವರು ಎರಡು ವಿಷಯ ನೋಡಬೇಕು. ನೆಲದ ಕೆಳಗೆ ಏನಿದೆ? ಕೆಲವು ಬೋಟುಗಳಲ್ಲಿ ಪೆಟ್ರೋಲ್ ಟ್ಯಾಂಕು ಅಲ್ಲೇ ಇರುತ್ತದೆ, ವೈರುಗಳೂ ಹೋಗುತ್ತವೆ. ಆಳ ಗೊತ್ತಾದ ಮೇಲೆ ಡ್ರಿಲ್ ಬಿಟ್ಟಿಗೆ ಅಷ್ಟು ದೂರದಲ್ಲಿ ಬಣ್ಣದ ಟೇಪು ಸುತ್ತಿ, ಟೇಪು ತಾಗಿದ ಕೂಡಲೇ ನಿಲ್ಲಿಸಿ. ಎರಡನೆಯದು, ನೆಲದ ಪ್ಲೈವುಡ್ ಗಟ್ಟಿ ಇದೆಯಾ? ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಟಕ್ ಟಕ್ ಅಂದರೆ ಸರಿ, ದಬ್ ಅಂದರೆ ಅಲ್ಲಿ ದಬ್ಬಳ ಚುಚ್ಚಿ ನೋಡಿ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಸೀಟಿನ ಕೆಲಸ ಬದಿಗಿಟ್ಟು ನೆಲದ ಕೆಲಸ ಮಾಡಿಸಿ.

ಮರದ ಸ್ಕ್ರೂ ಬಳಸಬೇಡಿ. ಆರಪಾರ ಹೋಗುವ ಸ್ಟೇನ್‌ಲೆಸ್ ಬೋಲ್ಟು, ಕೆಳಗೆ ಕಾಲು ಇಂಚು ದಪ್ಪದ ಅಲ್ಯೂಮಿನಿಯಂ ತಟ್ಟೆ, ಅಗಲ ವಾಷರ್, ಅದುರಿದರೂ ಬೇಗ ಸಡಿಲವಾಗದ ನೈಲಾನ್ ನಟ್. ನನಗೆ ಪೆಟ್ಟಿಗೆಯ ಒಳಗಿಂದ ಕೈ ಹಾಕಲು ಜಾಗ ಇದ್ದದ್ದರಿಂದ ಸುಲಭವಾಯಿತು. ಸ್ಟೇನ್‌ಲೆಸ್ಸೂ ಅಲ್ಯೂಮಿನಿಯಮ್ಮೂ ನೇರ ತಾಗದಂತೆ ಬೋಲ್ಟಿಗೆ ಮರೈನ್ ಸೀಲಂಟ್ ಸವರಿ. ಸಮುದ್ರದಲ್ಲಿ ಓಡಿಸುವವರು ಇದನ್ನು ಮರೆತರೆ ಉಪ್ಪುನೀರು ನೆನಪಿಸುತ್ತದೆ. ಸೀಲಂಟಿನಲ್ಲೂ ಆಯ್ಕೆ ಇದೆ. 3ಎಂ ಕಂಪನಿಯ 5200 ಹಾಕಿದರೆ ಅದು ಶಾಶ್ವತ, ಬಿಚ್ಚಲು ಹೋದರೆ ಜೊತೆಗಿದ್ದದ್ದೂ ಕಿತ್ತು ಬರುತ್ತದೆ. 4200 ಸಾಕು, ಮುಂದೊಂದು ದಿನ ಬಿಚ್ಚಬಹುದು.

ಸೀಟಿನ ಪ್ಲಾಸ್ಟಿಕ್ ಚಿಪ್ಪಿಗೆ ಬರುವ ನಾಲ್ಕು ಬೋಲ್ಟು ಸಾಮಾನ್ಯವಾಗಿ ಕಾಲಿಂಚು ದಪ್ಪದವು. ಉದ್ದ ಜಾಸ್ತಿಯಾದರೆ ತುದಿ ಸ್ಪಂಜು ದಾಟಿ ನಿಮಗೇ ತಾಗುತ್ತದೆ, ಕಡಿಮೆಯಾದರೆ ಎರಡೇ ಸುತ್ತು ಹಿಡಿದಿರುತ್ತದೆ. ತಟ್ಟೆಯ ದಪ್ಪ ಅಳೆದು ತನ್ನಿ.

ಪೀಠದಡಿ ನೀರು ನಿಲ್ಲದಂತೆ ನೋಡಿ. ಪೆಟ್ಟಿಗೆಯ ಹಾಗೆ ಟೊಳ್ಳು ಪೀಠ ಮಾಡಿದರೆ ಕೆಳಗಿನ ಮೂಲೆಯಲ್ಲಿ ಎರಡು ತೂತು ಬಿಡಿ.

ಕಾಲು ಎಲ್ಲಿಡುತ್ತೀರಿ?

ಸೀಟು ಮೇಲೆ ಹೋಯಿತು, ನೆಲ ಅಲ್ಲೇ ಉಳಿಯಿತು. ಕಾಲು ನೇತಾಡಿದರೆ ಅಲೆ ಬಂದಾಗ ಹಿಡಿತವೇ ಸಿಗುವುದಿಲ್ಲ, ಅರ್ಧ ಗಂಟೆಯಲ್ಲಿ ತೊಡೆ ಜೋಮು ಹಿಡಿಯುತ್ತದೆ. ಸ್ಟೀರಿಂಗಿನ ಕೆಳಗೆ ಮೂರು ಇಂಚಿನ ಕಾಲ್ಮಣೆ ಮಾಡಿದೆ, ಸ್ವಲ್ಪ ಓರೆಯಾಗಿ, ಮೇಲೆ ಜಾರದ ರಬ್ಬರ್. ಇದಕ್ಕೂ ನೆಲಕ್ಕೂ ಬೋಲ್ಟೇ ಬೇಕು. ಥ್ರಾಟಲ್ ಹಿಡಿಯಲು ಬಾಗಬೇಕಾಗುತ್ತದಾ ಅಂತಲೂ ನೋಡಿಕೊಳ್ಳಿ.

ನೀರಿಗಿಳಿಸಿದ ಮೇಲೆ

ಗಾಳಿ ಇಲ್ಲದ ದಿನ ನೋಡಿ. ಲೈಫ್ ಜಾಕೆಟ್ ಹಾಕಿ. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಹಗ್ಗವನ್ನು ಮೈಗೆ ಸಿಕ್ಕಿಸಿ. ಅದು ಇರುವ ಬೋಟುಗಳಲ್ಲಿ ಓಡಿಸುವಾಗ ಸಿಕ್ಕಿಸಿಕೊಳ್ಳಬೇಕೆಂದು 2021ರ ಏಪ್ರಿಲ್‌ನಿಂದ ಅಮೆರಿಕದ ಕಾನೂನೇ ಇದೆ. ಎತ್ತರದ ಸೀಟಿನಿಂದ ಎಸೆಯಲ್ಪಡುವುದು ಇನ್ನೂ ಸುಲಭ, ಹಾಗಾಗಿ ಕಾನೂನು ಇಲ್ಲದ ಕಡೆಯೂ ಹಾಕಿಕೊಳ್ಳಿ. ಮೊದಲು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ಬೇರೆ ಬೋಟಿನ ಅಲೆಯನ್ನು ಪಕ್ಕದಿಂದ ದಾಟಿ ನೋಡಿ. ಓಲಾಟ ಹಿಡಿಸದಿದ್ದರೆ ವಾಪಸ್ ಬಂದು ಒಂದು ಪದರ ಕಡಿಮೆ ಮಾಡಿ. ಹೊಟ್ಟೆಯಲ್ಲಿ ಚಿಟ್ಟೆ ಹಾರಿದರೆ ಅದು ಸುಳ್ಳು ಹೇಳುವುದಿಲ್ಲ. ಮನೆಗೆ ಬಂದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿಯಿರಿ, ಮೊದಲ ಸವಾರಿಯಲ್ಲಿ ಒಂದೆರಡು ಸಡಿಲವಾಗಿಯೇ ಇರುತ್ತವೆ.

ಕೊನೆಯದಾಗಿ ಡ್ರೇನ್ ಪ್ಲಗ್, ಅಂದರೆ ಬೋಟಿನೊಳಗಿನ ನೀರು ಹೊರಬಿಡುವ ತೂತಿನ ಬಿರಡೆ. ಜೀಬ್ರಾ ಮಸೆಲ್‌ನಂಥ ಹೊರಗಿನ ಜೀವಿಗಳು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಾರದು ಅಂತ ಮಿನ್ನೆಸೋಟದಲ್ಲಿ ಬೋಟು ಸಾಗಿಸುವಾಗ ಪ್ಲಗ್ ತೆಗೆದಿರಲೇಬೇಕು. ಹೊಸ ಸೀಟಿನ ಸಂಭ್ರಮದಲ್ಲಿ ನಾನು ಅದನ್ನು ವಾಪಸ್ ಹಾಕುವುದನ್ನೇ ಮರೆತೆ. ಮುಂಚೆಯಾಗಿದ್ದರೆ ಪಾದ ಒದ್ದೆಯಾದ ಕೂಡಲೇ ಗೊತ್ತಾಗುತ್ತಿತ್ತು. ಈಗ ಕಾಲು ಮೂರು ಇಂಚು ಮೇಲೆ, ಕಾಲ್ಮಣೆಯ ಮೇಲೆ ಬೆಚ್ಚಗಿತ್ತು. ಎದುರಿನ ನೀರೆಲ್ಲ ಚೆನ್ನಾಗಿ ಕಾಣುತ್ತಿತ್ತು, ಬೋಟಿನೊಳಗಿನದು ಮಾತ್ರ ಹಿಂದೆ ತೇಲುತ್ತಿದ್ದ ಚಪ್ಪಲಿ ನೋಡಿ ಹೆಂಡತಿ ಕೂಗಿದ ಮೇಲೆ ಕಂಡಿತು.